ಕ್ರೋಮ್ ಮಾರಾಟ ತಪ್ಪಿತು, ಒಡೆದ ಪುಟ ಹಾಗೆಯೇ ಉಳಿಯಿತು

2025ರಲ್ಲಿ ಬ್ರೌಸರ್‌ಗಳ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಗೊಂದಲವಾಗುವುದು ಸಹಜ. ಮಾರ್ಚ್‌ನಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ದೇಶೀಯ ಬ್ರೌಸರ್ ಸ್ಪರ್ಧೆಯ ಫಲಿತಾಂಶ ಬಂತು. ಝೋಹೋ ಸಂಸ್ಥೆಗೆ 1 ಕೋಟಿ ರೂಪಾಯಿಯ ಮೊದಲ ಬಹುಮಾನ ಸಿಕ್ಕಿತು. ಸೆಪ್ಟೆಂಬರ್ 2ರಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಹುಡುಕಾಟದ ಏಕಸ್ವಾಮ್ಯದ ಪ್ರಕರಣದಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರನ್ನು ಮಾರಬೇಕಿಲ್ಲ ಎಂದು ಆದೇಶಿಸಿದರು. ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಬ್ರೌಸರ್ ಎಂದರೆ ವೆಬ್ ಪುಟ ತೋರಿಸುವ ತಂತ್ರಾಂಶ ತಾನೇ, ಅದರ ಸುತ್ತ ಇಷ್ಟೊಂದು ವ್ಯಾಜ್ಯ, ಬಹುಮಾನ, ಗಡುವು ಏಕೆ?

ದಾವಣಗೆರೆಯ ಸೈಬರ್ ಕೇಂದ್ರದಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವವರಿಗೆ, ಎಪಿಎಂಸಿಗೆ ಮೆಕ್ಕೆಜೋಳ ತರುವ ಮುಂಚೆ ಮೊಬೈಲ್‌ನಲ್ಲಿ ಧಾರಣೆ ನೋಡುವ ರೈತರಿಗೆ ಈ ಸುದ್ದಿಗಳು ದೂರದವು ಎನ್ನಿಸಬಹುದು. ಆದರೆ ಅರ್ಜಿಯ ಕೊನೆಯ ಬಟನ್ ಪರದೆಯ ಹೊರಗೆ ಸರಿದು ಕಾಣದಿರುವುದು, ಧಾರಣೆಯ ಕೋಷ್ಟಕದಲ್ಲಿ ಒಂದು ಕಾಲಂ ಇನ್ನೊಂದರ ಮೇಲೆ ಹತ್ತಿ ಕೂರುವುದು, ‘ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿದೆಯಲ್ಲ’ ಎಂದು ಕಚೇರಿಯವರು ಹೇಳುವುದು, ಇವೆಲ್ಲ ಅದೇ ವ್ಯಾಜ್ಯದ ಇನ್ನೊಂದು ತುದಿ. ಒಂದೇ ಪುಟ ಬೇರೆ ಬೇರೆ ಬ್ರೌಸರಿನಲ್ಲಿ ಬೇರೆ ಬೇರೆಯಾಗಿ ಕಾಣುವುದನ್ನು ತಪ್ಪಿಸಲು ಎರಡು ದಾರಿಗಳಿವೆ. ಎಲ್ಲರೂ ಒಂದೇ ಬ್ರೌಸರಿಗೆ ಬರುವುದು ಮೊದಲನೆಯದು. ಬರೆದಿಟ್ಟ ನಿಯಮಕ್ಕೆ ಎಲ್ಲ ಬ್ರೌಸರ್‌ಗಳನ್ನೂ ಪರೀಕ್ಷೆ ಮಾಡಿ ಒಗ್ಗಿಸುವುದು ಎರಡನೆಯದು. ಮೊದಲನೆಯದು ಅಗ್ಗವಾಗಿ ಕಾಣುತ್ತದೆ. ಅದರ ಬೆಲೆ ಎಷ್ಟೆಂದು ಜಗತ್ತು ಈಗಾಗಲೇ ಒಮ್ಮೆ ತಿಳಿದುಕೊಂಡಿದೆ. ಕನ್ನಡ ಬಳಸುವವರಿಗೆ ಅದು ಇನ್ನೂ ದುಬಾರಿ.

ಒಂದು ನಕ್ಷೆ, ಮೂವರು ಮೇಸ್ತ್ರಿಗಳು

ವೆಬ್ ಪುಟ ಸಿದ್ಧ ಚಿತ್ರವಾಗಿ ನಮ್ಮ ಬಳಿಗೆ ಬರುವುದಿಲ್ಲ. ಬರುವುದು ಬರಹ ಮತ್ತು ಸೂಚನೆಗಳು. ಯಾವುದು ಶೀರ್ಷಿಕೆ, ಯಾವುದು ಕೋಷ್ಟಕ ಎಂಬುದನ್ನು ಎಚ್‌ಟಿಎಂಎಲ್ ಹೇಳುತ್ತದೆ. ಯಾವುದರ ಅಗಲ ಎಷ್ಟು, ಬಣ್ಣ ಯಾವುದು, ಪಕ್ಕದಲ್ಲಿ ಏನಿರಬೇಕು ಎಂಬುದನ್ನು ಸಿಎಸ್‌ಎಸ್ ಹೇಳುತ್ತದೆ. ಈ ಸೂಚನೆಗಳನ್ನು ಓದಿ, ಪ್ರತಿಯೊಂದು ಪೆಟ್ಟಿಗೆಯ ಅಳತೆ ಲೆಕ್ಕ ಹಾಕಿ ಪರದೆಯ ಮೇಲೆ ಪುಟ ಕಟ್ಟುವ ಭಾಗಕ್ಕೆ ಬ್ರೌಸರ್ ಎಂಜಿನ್ ಎನ್ನುತ್ತಾರೆ. ಒಂದೇ ನಕ್ಷೆಯನ್ನು ಮೂವರು ಮೇಸ್ತ್ರಿಗಳಿಗೆ ಕೊಟ್ಟರೆ ಮೂರು ಮನೆಗಳು ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತವೆ. ನಕ್ಷೆಯಲ್ಲಿ ಬರೆಯದೆ ಬಿಟ್ಟ ಕಡೆಗಳಲ್ಲಿ ಮಾತ್ರ ಪ್ರತಿಯೊಬ್ಬರ ಕೈ ಬೇರೆಯಾಗಿ ಕಾಣುತ್ತದೆ.

ಇಂದು ವ್ಯಾಪಕ ಬಳಕೆಯಲ್ಲಿ ಉಳಿದಿರುವ ಎಂಜಿನ್‌ಗಳು ಮೂರೇ. ಗೂಗಲ್‌ನ ಬ್ಲಿಂಕ್, ಸಫಾರಿಯಲ್ಲಿರುವ ಆಪಲ್‌ನ ವೆಬ್‌ಕಿಟ್, ಫೈರ್‌ಫಾಕ್ಸ್‌ನಲ್ಲಿರುವ ಮೊಜಿಲ್ಲಾದ ಗೆಕೋ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ಸ್ಯಾಮ್‌ಸಂಗ್ ಇಂಟರ್ನೆಟ್ ಎಂದು ಹೆಸರುಗಳು ಎಷ್ಟೇ ಇದ್ದರೂ ಇವೆಲ್ಲದರ ಒಳಗೆ ಇರುವುದು ಬ್ಲಿಂಕ್. ಒಪೆರಾ ತನ್ನ ಸ್ವಂತ ಎಂಜಿನ್ನನ್ನು 2013ರಲ್ಲಿ ಕೈಬಿಟ್ಟಿತು. ಮೈಕ್ರೋಸಾಫ್ಟ್ ಕೂಡ ಅದೇ ದಾರಿ ಹಿಡಿಯಿತು. ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಮೇಲೆ ಕಟ್ಟಿದ ಎಡ್ಜ್ 2020ರ ಜನವರಿಯಲ್ಲಿ ಬಂತು.

ಐಫೋನಿನ ವಿಷಯ ಬೇರೆ. ಭಾರತದಲ್ಲಿ ಐಫೋನ್ ಬಳಸುವವರು ಕ್ರೋಮ್ ಹಾಕಿಕೊಂಡರೂ ಫೈರ್‌ಫಾಕ್ಸ್ ಹಾಕಿಕೊಂಡರೂ ಒಳಗೆ ಪುಟ ಕಟ್ಟುವುದು ವೆಬ್‌ಕಿಟ್ಟೇ. ಆಪಲ್‌ನ ನಿಯಮ ಹಾಗಿದೆ. ಐರೋಪ್ಯ ಒಕ್ಕೂಟದಲ್ಲಿ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಒತ್ತಡದಿಂದ 2024ರ ಮಾರ್ಚ್‌ನಲ್ಲಿ ಈ ನಿಯಮ ಸಡಿಲವಾಯಿತು. ಜಪಾನಿನಲ್ಲೂ ಇಂಥದ್ದೇ ಕಾನೂನು 2025ರ ಡಿಸೆಂಬರ್‌ನಲ್ಲಿ ಪೂರ್ಣವಾಗಿ ಜಾರಿಗೆ ಬಂತು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆದ್ದರಿಂದ ‘ಕ್ರೋಮ್‌ನಲ್ಲಿ ನೋಡಿದ್ದೇನೆ, ಸರಿಯಿದೆ’ ಎಂದು ಪುಟ ಮಾಡಿದವರು ಹೇಳುವ ಮಾತು ಐಫೋನಿನ ಕ್ರೋಮ್‌ಗೆ ಅನ್ವಯಿಸುವುದಿಲ್ಲ.

ಎಲ್ಲ ವ್ಯತ್ಯಾಸವೂ ತಪ್ಪಲ್ಲ

ಪುಟ ಬೇರೆಯಾಗಿ ಕಂಡ ಕೂಡಲೇ ಬ್ರೌಸರನ್ನು ದೂರುವ ಮುಂಚೆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡಬೇಕು. ಕೆಲವು ಬರಿಯ ಅಂಕಗಣಿತದಿಂದ ಬರುತ್ತವೆ. ಸಾವಿರ ಪಿಕ್ಸೆಲ್ ಅಗಲವನ್ನು ಮೂರು ಕಾಲಂಗಳಿಗೆ ಹಂಚಿದರೆ ತಲಾ 333.33 ಬರುತ್ತದೆ. ಗೆಕೋ ಒಂದು ಪಿಕ್ಸೆಲನ್ನು 60 ಭಾಗ ಮಾಡಿ ಲೆಕ್ಕ ಹಾಕುತ್ತದೆ. ಬ್ಲಿಂಕ್ ಮತ್ತು ವೆಬ್‌ಕಿಟ್ 64 ಭಾಗ ಮಾಡುತ್ತವೆ. 60 ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 64 ಆಗುವುದಿಲ್ಲ. ಆ ಚೂರು ಉಳಿಕೆಯೇ ಕೆಲವೊಮ್ಮೆ ಕಾಲಂಗಳ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆಯಾಗಿ ಕಾಣಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದು ಪಿಕ್ಸೆಲ್‌ನ ನಿಖರತೆಗೆ ಜೋತುಬಿದ್ದ ವಿನ್ಯಾಸವೇ ಇಲ್ಲಿ ದುರ್ಬಲ.

ಇನ್ನು ಕೆಲವು ಯಂತ್ರದ ಸ್ವಭಾವದಿಂದ ಬರುತ್ತವೆ. ವಿಂಡೋಸ್‌ನಲ್ಲಿ ಪಕ್ಕದ ಸ್ಕ್ರೋಲ್ ಪಟ್ಟಿ ಸಾಮಾನ್ಯವಾಗಿ ತನ್ನದೇ ಜಾಗ ಹಿಡಿಯುತ್ತದೆ, ಮೊಬೈಲ್‌ನಲ್ಲಿ ಅದು ಪುಟದ ಮೇಲೆ ತೇಲುತ್ತದೆ. ಪರದೆಯ ಪೂರ್ತಿ ಅಗಲ ಬೇಕು ಎಂದು ಬರೆದ ಪುಟ ಮೊಬೈಲ್‌ನಲ್ಲಿ ಸರಿಯಾಗಿ ಕೂರುತ್ತದೆ, ಕಚೇರಿಯ ಕಂಪ್ಯೂಟರಿನಲ್ಲಿ ಅಡ್ಡಕ್ಕೆ ಅಲುಗಾಡುತ್ತದೆ. ಎತ್ತರದ ಕಥೆ ಇದಕ್ಕೆ ತಿರುಗುಮುರುಗು. ಮೊಬೈಲ್ ಬ್ರೌಸರಿನ ವಿಳಾಸದ ಪಟ್ಟಿ ಒಮ್ಮೆ ಇರುತ್ತದೆ, ಒಮ್ಮೆ ಅಡಗುತ್ತದೆ. ಹಳೆಯ ಅಳತೆಯ ಘಟಕ ಅದು ಅಡಗಿದಾಗಿನ ದೊಡ್ಡ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದುದರಿಂದ ಕೆಳಗಿನ ಬಟನ್ ಪರದೆಯಿಂದಾಚೆ ಉಳಿಯುತ್ತಿತ್ತು. ಇದಕ್ಕೆಂದೇ ರೂಪಿಸಿದ ಹೊಸ ಘಟಕಗಳು 2022ರ ಕೊನೆಯ ಹೊತ್ತಿಗೆ ಮೂರೂ ಎಂಜಿನ್‌ಗಳಿಗೆ ಬಂದವು. ಇಂದಿಗೂ ಹೊಸದಾಗಿ ಮಾಡಿದ ಪುಟದಲ್ಲಿ ಅರ್ಜಿಯ ಬಟನ್ ಕೆಳಗೆ ಮುಳುಗಿದ್ದರೆ ಅದಕ್ಕೆ ಉದಾಸೀನವೇ ಕಾರಣ.

ಮೂರನೆಯ ಬಗೆ ಇತಿಹಾಸದ ಉಳಿಕೆ. ಸಿಎಸ್‌ಎಸ್‌ನ ಮೊದಲ ಮಾನದಂಡ 1996ರ ಡಿಸೆಂಬರ್‌ನಲ್ಲಿ ಹೊರಬಂತು. ಪೆಟ್ಟಿಗೆಯ ಅಗಲ 300 ಎಂದರೆ ಒಳಗಿನ ಬರಹದ ಅಗಲ ಎಂದು ಅದು ಹೇಳಿತು. ಎರಡೂ ಬದಿಗೆ 20ರಂತೆ ಒಳ ಅಂಚು, 5ರಂತೆ ಗೆರೆ ಸೇರಿಸಿದರೆ ಪೆಟ್ಟಿಗೆ 350 ಆಗುತ್ತದೆ. ವಿಂಡೋಸ್‌ನ ಅಂದಿನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 300ರ ಒಳಗೇ ಸೇರಿಸುತ್ತಿತ್ತು. 2001ರಲ್ಲಿ ಬಂದ ಆರನೆಯ ಆವೃತ್ತಿ ಇದನ್ನು ಸರಿಪಡಿಸಿತು, ಆದರೆ ಹಳೆಯ ಪುಟಗಳು ಮುರಿಯಬಾರದೆಂದು ಒಂದು ಷರತ್ತು ಇಟ್ಟಿತು: ಪುಟದ ಮೊದಲ ಸಾಲಿನಲ್ಲಿ ಡಾಕ್‌ಟೈಪ್ ಘೋಷಣೆ ಇದ್ದರೆ ಹೊಸ ನಿಯಮ, ಇಲ್ಲದಿದ್ದರೆ ಹಳೆಯ ರೂಢಿ. ಈ ಬಗೆಯ ಏರ್ಪಾಡು ಇಂದಿಗೂ ಎಲ್ಲ ಬ್ರೌಸರ್‌ಗಳಲ್ಲಿ ಉಳಿದಿದೆ. ಆ ಒಂದು ಸಾಲು ಮರೆತ ಪುಟದಲ್ಲಿ ತೊಂಬತ್ತರ ದಶಕದ ಹಲವು ವರ್ತನೆಗಳು ಎಚ್ಚರಗೊಳ್ಳುತ್ತವೆ. ಪುಟಕ್ಕೆ ಕೊಟ್ಟ ಅಕ್ಷರದ ಗಾತ್ರ ಕೋಷ್ಟಕದ ಒಳಗೆ ಇಳಿಯುವುದೇ ಇಲ್ಲ. ಹಳೆಯ ಎಕ್ಸ್‌ಪ್ಲೋರರ್‌ನ ಲೆಕ್ಕವೇ ಬಳಸಲು ಅನುಕೂಲ ಎಂದು ವಿನ್ಯಾಸಕರಿಗೆ ಮುಂದೆ ಮನವರಿಕೆಯಾಯಿತು. ಅದನ್ನು ಬೇಕೆಂದೇ ಆರಿಸಿಕೊಳ್ಳುವ ಸೌಲಭ್ಯ ಮಾನದಂಡದೊಳಗೇ ಬಂದಿದೆ. ಇವತ್ತಿನ ಹೆಚ್ಚಿನ ತಾಣಗಳು ಆರಂಭದಲ್ಲೇ ಅದನ್ನು ಬರೆದುಕೊಳ್ಳುತ್ತವೆ.

ಹೆಸರು ಒಂದೇ, ವಯಸ್ಸು ಬೇರೆ

ನಮ್ಮ ಜಿಲ್ಲೆಗಳಲ್ಲಿ ನಿಜಕ್ಕೂ ಕಾಡುವ ಸಮಸ್ಯೆ ಬ್ರೌಸರ್‌ಗಳ ನಡುವಿನದಕ್ಕಿಂತ ಆವೃತ್ತಿಗಳ ನಡುವಿನದು. ವಿಂಡೋಸ್ 7 ಮತ್ತು 8.1ರಲ್ಲಿ ಓಡುವ ಕೊನೆಯ ಕ್ರೋಮ್ ಆವೃತ್ತಿ 109. 2023ರ ಫೆಬ್ರುವರಿಯಲ್ಲಿ ಬಂದ 110ನೆಯ ಆವೃತ್ತಿಗೆ ಕನಿಷ್ಠ ವಿಂಡೋಸ್ 10 ಬೇಕು. ಹಳೆಯ ಕಂಪ್ಯೂಟರನ್ನೇ ನೆಚ್ಚಿಕೊಂಡ ಸೈಬರ್ ಕೇಂದ್ರ, ಮಂಡಿಯ ಲೆಕ್ಕದ ಮೇಜು, ಹಳ್ಳಿಯ ಶಾಲೆಯ ಪ್ರಯೋಗಾಲಯ, ಇಲ್ಲೆಲ್ಲ ‘ಕ್ರೋಮ್ ಇದೆ’ ಎಂಬ ಉತ್ತರ ನಿಜವೇ ಆಗಿದ್ದರೂ ಆ ಕ್ರೋಮ್ 2023ರ ಆರಂಭದಲ್ಲೇ ನಿಂತುಹೋಗಿದೆ.

ಇದರ ಪರಿಣಾಮವನ್ನು ಹಂತ ಹಂತವಾಗಿ ನೋಡಬಹುದು. ಪುಟಗಳ ಅಲಂಕಾರಕ್ಕೆ ವ್ಯಾಪಕವಾಗಿ ಬಳಸುವ ಟೇಲ್‌ವಿಂಡ್ ಎಂಬ ಸಿದ್ಧ ಸಾಧನದ ನಾಲ್ಕನೆಯ ಆವೃತ್ತಿ 2025ರ ಜನವರಿಯಲ್ಲಿ ಬಂತು. ಅದು ಕೇಳುವುದು ಕನಿಷ್ಠ ಕ್ರೋಮ್ 111, ಸಫಾರಿ 16.4, ಫೈರ್‌ಫಾಕ್ಸ್ 128. ಅದರ ಬಣ್ಣಗಳನ್ನು ಹೊಸ ಪದ್ಧತಿಯಲ್ಲಿ ಬರೆದಿದ್ದಾರೆ, ಕ್ರೋಮ್ 109ಕ್ಕೆ ಆ ಪದ್ಧತಿ ಗೊತ್ತಿಲ್ಲ. ಗೊತ್ತಿಲ್ಲದ ಸೂಚನೆಯನ್ನು ಬ್ರೌಸರ್ ಬಿಟ್ಟು ಮುಂದೆ ಹೋಗಬೇಕೆಂಬುದು ಸಿಎಸ್‌ಎಸ್‌ನ ನಿಯಮ. ಹಾಗಾಗಿ ನೀಲಿ ಬಟನ್ನಿನ ನೀಲಿ ಹೋಗುತ್ತದೆ, ಅದರ ಮೇಲಿನ ಬಿಳಿ ಅಕ್ಷರ ಬಿಳಿ ಪುಟದ ಮೇಲೆ ಉಳಿಯುತ್ತದೆ. ಪುಟ ತೆರೆಯುತ್ತದೆ, ದೋಷದ ಸಂದೇಶವೂ ಇಲ್ಲ, ಬಟನ್ ಮಾತ್ರ ಕಾಣುವುದಿಲ್ಲ. ಅರ್ಜಿಯ ಕೊನೆಯ ದಿನ ಸರತಿಯಲ್ಲಿ ನಿಂತ ವಿದ್ಯಾರ್ಥಿಗೆ ಇದು ‘ಸರ್ವರ್ ಸಮಸ್ಯೆ’ಯಂತೆ ತೋರುತ್ತದೆ. ಪುಟ ಮಾಡಿದವರ ಹೊಸ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರಿಗೂ ಕಾರಣ ಕಾಣುತ್ತಿಲ್ಲ.

ವಿಂಡೋಸ್ 10ರ ಸುದ್ದಿಯನ್ನು ಈ ಬೆಳಕಿನಲ್ಲಿ ಓದಬೇಕು. ಬೆಂಬಲ ನಿಂತ ದಿನವೇ ಪುಟಗಳು ಒಡೆಯುವುದಿಲ್ಲ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲಿ ಮುಗಿದು, ಕ್ರೋಮ್ ಅದನ್ನು ಕೈಬಿಟ್ಟದ್ದು ಮೂರು ವರ್ಷಗಳ ಬಳಿಕ. ಅದೇ ಕ್ರಮ ಮರುಕಳಿಸಿದರೆ ಹೊಸ ಕಂಪ್ಯೂಟರ್ ಕೊಳ್ಳಲಾಗದ ಕಡೆಗಳಲ್ಲಿ ಇನ್ನೊಂದು ತಲೆಮಾರಿನ ಬ್ರೌಸರ್‌ಗಳು ಹೆಪ್ಪುಗಟ್ಟುತ್ತವೆ. ಹಳೆಯ ಐಫೋನಿನಲ್ಲಿ ಸಂಕಟ ಇನ್ನೂ ಬಿಗಿ. ಅಲ್ಲಿ ವೆಬ್‌ಕಿಟ್ ಫೋನಿನ ಮೂಲ ತಂತ್ರಾಂಶದ ಜೊತೆಗೇ ಬರುವುದರಿಂದ ಬ್ರೌಸರನ್ನು ಮಾತ್ರ ಹೊಸದಾಗಿಸಿಕೊಳ್ಳುವ ದಾರಿ ಇಲ್ಲ.

ಕನ್ನಡಕ್ಕೆ ಬೀಳುವ ಹೆಚ್ಚಿನ ಪೆಟ್ಟು

ಇಂಗ್ಲಿಷ್ ಪುಟದಲ್ಲಿ ಕಾಣದ ಹಲವು ಒಡಕುಗಳು ಕನ್ನಡ ಪುಟದಲ್ಲಿ ಎದ್ದು ಕಾಣುತ್ತವೆ. ಮೊದಲ ಕಾರಣ ಫಾಂಟ್. ಪುಟದಲ್ಲಿ ಫಾಂಟ್ ಹೆಸರಿಸದಿದ್ದರೆ ಬ್ರೌಸರ್ ಯಂತ್ರದಲ್ಲಿ ಇರುವುದನ್ನು ಎತ್ತಿಕೊಳ್ಳುತ್ತದೆ. ಹಳೆಯ ವಿಂಡೋಸ್‌ನಲ್ಲಿ ಅದು ತುಂಗಾ, ಹೊಸದರಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ಹೆಚ್ಚಾಗಿ ನೋಟೊ, ಆಪಲ್‌ನಲ್ಲಿ ಕನ್ನಡ ಸಂಗಮ್. ಪ್ರತಿಯೊಂದರ ಅಕ್ಷರದ ಅಗಲ, ಎತ್ತರ, ಸಾಲಿನ ಅಂತರ ಬೇರೆ. ಒಂದರಲ್ಲಿ ಒಂದೇ ಸಾಲಿಗೆ ಮುಗಿದ ಶೀರ್ಷಿಕೆ ಇನ್ನೊಂದರಲ್ಲಿ ಎರಡು ಸಾಲಾಗುತ್ತದೆ, ಕೆಳಗಿನ ಎಲ್ಲವೂ ಜರುಗುತ್ತದೆ. ಬ್ರೌಸರಿನ ಭೇದ ಎಂದು ದೂರು ಬರುವ ಎಷ್ಟೋ ಸಂದರ್ಭಗಳಲ್ಲಿ ಮೂಲ ಇಲ್ಲಿರುತ್ತದೆ. ಮುಕ್ತವಾಗಿ ಸಿಗುವ ಯೂನಿಕೋಡ್ ಕನ್ನಡ ಫಾಂಟೊಂದನ್ನು ಪುಟದ ಜೊತೆಗೇ ಕಳಿಸಿದರೆ ಇದು ಬಹುಪಾಲು ಬಗೆಹರಿಯುತ್ತದೆ.

ಎರಡನೆಯದು ಒತ್ತಕ್ಷರ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದ ಬಟನ್ನಿಗೆ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದು, ಮೀರಿದ್ದನ್ನು ಮರೆಮಾಡು ಎಂದು ಬರೆದಿರುತ್ತಾರೆ. ತಾಲ್ಲೂಕು ಆಯ್ಕೆಯ ಪಟ್ಟಿಯಲ್ಲಿ ಹರಿಹರ, ಜಗಳೂರು, ಹಿರಿಯೂರು ಪೂರ್ತಿ ಕಾಣುತ್ತವೆ. ಹೊಳಲ್ಕೆರೆ, ಮೊಳಕಾಲ್ಮೂರು, ಚಳ್ಳಕೆರೆಗಳ ಒತ್ತು ಅರ್ಧಕ್ಕೆ ಕತ್ತರಿಸುತ್ತದೆ. ಯಾವ ಫಾಂಟ್ ಬಂತು ಎಂಬುದರ ಮೇಲೆ ಒಂದು ಬ್ರೌಸರಿನಲ್ಲಿ ಕತ್ತರಿಸಬಹುದು, ಇನ್ನೊಂದರಲ್ಲಿ ಉಳಿಯಬಹುದು. ಪೆಟ್ಟಿಗೆಗೆ ಎತ್ತರ ಬಿಗಿಯದೆ ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಟ್ಟರೆ ಸಾಕು. ಇಷ್ಟು ಸಣ್ಣ ಔದಾರ್ಯವನ್ನು ಕನ್ನಡಕ್ಕೆ ಕೊಡದ ಪುಟಗಳು ಕನ್ನಡ ನಾಡಿನಲ್ಲೇ ತಯಾರಾಗುತ್ತಿರುವುದು ನೋವಿನ ಸಂಗತಿ.

ಮೂರನೆಯದು ಪದಗಳ ಉದ್ದ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿ ಬೆಳೆಯುತ್ತವೆ. ‘ಜಿಲ್ಲಾಧಿಕಾರಿಗಳವರಿಂದ’ ಎಂಬುದು ಮೊಬೈಲ್‌ನ ಕಿರಿದಾದ ಕಾಲಂನಲ್ಲಿ ಮುರಿಯಲು ಜಾಗ ಸಿಗದೆ ಪಕ್ಕದ ಕಾಲಂಗೆ ನುಗ್ಗುತ್ತದೆ. ಬೇಕಾದ ಕಡೆ ಪದ ಮುರಿಯಲು ಅನುಮತಿ ಕೊಡುವ ಸೂಚನೆ ಸಿಎಸ್‌ಎಸ್‌ನಲ್ಲಿದೆ, ಅದನ್ನು ಬರೆಯಬೇಕು ಅಷ್ಟೇ. ಭಾರತೀಯ ಲಿಪಿಗಳ ಪುಟವಿನ್ಯಾಸಕ್ಕೆ ಏನೇನು ಬೇಕು ಎಂಬ ದಾಖಲೆಯನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಸಿದ್ಧಪಡಿಸಿದೆ. ಆದರೆ ದಾಖಲೆಯಲ್ಲಿ ಇರುವುದು ಎಂಜಿನ್‌ಗೆ ಇಳಿಯಬೇಕಾದರೆ ಕೇಳುವವರು ಇರಬೇಕು.

ಎಲ್ಲರೂ ಒಂದೇ ಬ್ರೌಸರ್ ಬಳಸಿದರೆ?

ಇಷ್ಟೆಲ್ಲ ಕಷ್ಟ ಏಕೆ, ಭಾರತದಲ್ಲಿ ಬಹುಪಾಲು ಜನ ಕ್ರೋಮ್ ಬಳಸುತ್ತಾರೆ, ಅದನ್ನೇ ಮಾನದಂಡ ಎಂದುಕೊಂಡರಾಯಿತು ಎಂಬ ವಾದವಿದೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎರಡು ಮೂರು ಜನರ ಸಣ್ಣ ಸಂಸ್ಥೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕುಳಿತು ಅಂಗಡಿಗೋ ಆಸ್ಪತ್ರೆಗೋ ತಾಣ ಮಾಡಿಕೊಡುವಾಗ ಮೂರು ಎಂಜಿನ್‌ಗಳಲ್ಲಿ ಪರೀಕ್ಷಿಸುವ ಸಮಯಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಬ್ಲಿಂಕ್‌ನ ಮೂಲ ಸಂಕೇತ ಮುಕ್ತವಾಗಿದೆ, ಮೈಕ್ರೋಸಾಫ್ಟ್‌ನಂಥವರೂ ಅದಕ್ಕೆ ಕೆಲಸ ಸೇರಿಸುತ್ತಾರೆ, ಆದ್ದರಿಂದ ಅದು ಒಬ್ಬರ ಸ್ವತ್ತಲ್ಲ ಎಂದೂ ಈ ಪಕ್ಷದವರು ಹೇಳುತ್ತಾರೆ.

ಇದೇ ದಾರಿಯಲ್ಲಿ ಲೋಕ ಒಮ್ಮೆ ನಡೆದಿದೆ. ಈ ಶತಮಾನದ ಆರಂಭದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸುತ್ತಿದ್ದರು. ಪುಟಗಳೆಲ್ಲ ಅದಕ್ಕೇ ಸರಿಹೊಂದಿದ್ದವು, ವ್ಯತ್ಯಾಸದ ಸಮಸ್ಯೆ ಮಾಯವಾದಂತಿತ್ತು. ಪೈಪೋಟಿ ಇಲ್ಲದ ಮೈಕ್ರೋಸಾಫ್ಟ್ 2001ರ ಆರನೆಯ ಆವೃತ್ತಿಯ ನಂತರ ಏಳನೆಯದನ್ನು ತಂದದ್ದು 2006ರಲ್ಲಿ. ಐದು ವರ್ಷ ಅದರ ದೋಷಗಳೇ ನಿಯಮಗಳಾದವು. ದಕ್ಷಿಣ ಕೊರಿಯಾದ ಬ್ಯಾಂಕ್ ಮತ್ತು ಸರ್ಕಾರಿ ತಾಣಗಳು ಆ ಬ್ರೌಸರಿನ ಆಕ್ಟಿವ್‌ಎಕ್ಸ್ ಎಂಬ ಸೇರ್ಪಡೆ ತಂತ್ರಾಂಶಕ್ಕೆ ಕಟ್ಟಿಕೊಂಡು ಸುಮಾರು ಎರಡು ದಶಕ ಬಿಡಿಸಿಕೊಳ್ಳಲಾಗದೆ ಒದ್ದಾಡಿದವು. ನಮ್ಮಲ್ಲೂ ಡಿಜಿಟಲ್ ಸಹಿ ಕೇಳುವ ಹಲವು ತಾಣಗಳು ಅದನ್ನೇ ಬೇಡುತ್ತಿದ್ದವು. ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ ವಿದಾಯ ಹೇಳಿದ್ದು 2022ರ ಜೂನ್ 15ರಂದು. ಹಳೆಯ ಕಚೇರಿ ಪುಟಗಳಿಗಾಗಿ ಎಡ್ಜ್ ಒಳಗೆ ಅದರ ವಿಶೇಷ ವ್ಯವಸ್ಥೆಯನ್ನು ಕನಿಷ್ಠ 2029ರವರೆಗೆ ಉಳಿಸುವುದಾಗಿಯೂ ಹೇಳಿದೆ. ಒಂದೇ ಬ್ರೌಸರಿಗೆ ಪುಟ ಕಟ್ಟಿದ್ದರ ಸಾಲ ಇನ್ನೂ ತೀರಿಲ್ಲ.

ಆಪಲ್‌ನ ನಿಲುವು ಮೂರನೆಯದು. ಐಫೋನಿನಲ್ಲಿ ಒಂದೇ ಎಂಜಿನ್ ಇದ್ದರೆ ಸುರಕ್ಷತೆ ಕಾಯುವುದು ಸುಲಭ ಎನ್ನುತ್ತದೆ ಆ ಕಂಪನಿ. ಟೀಕಾಕಾರರು ಅದು ಆ್ಯಪ್ ವ್ಯಾಪಾರವನ್ನು ವೆಬ್‌ನಿಂದ ರಕ್ಷಿಸುವ ಗೋಡೆ ಎನ್ನುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಬ್ಲಿಂಕ್ ಇಡೀ ವೆಬ್ಬನ್ನು ಆವರಿಸದಂತೆ ಇಂದು ತಡೆದಿರುವುದರಲ್ಲಿ ಆಪಲ್‌ನ ಅದೇ ನಿಯಮದ ಪಾಲು ದೊಡ್ಡದು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಗೂಗಲ್‌ನ ಹಿಡಿತವನ್ನು ಭಾರತದ ಸ್ಪರ್ಧಾ ಆಯೋಗವೂ ಗಮನಿಸಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಕ್ರೋಮ್ ಸೇರಿದಂತೆ ತನ್ನ ಆ್ಯಪ್‌ಗಳನ್ನು ಮೊದಲೇ ತುಂಬಿಸುವ ಗೂಗಲ್‌ನ ಕ್ರಮಗಳ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಅಮೆರಿಕದ ತೀರ್ಪಿನಲ್ಲೂ ಒಂದು ಕೊಂಡಿ ಇದೆ. ಹುಡುಕಾಟಕ್ಕೆ ತನ್ನನ್ನೇ ಮೊದಲ ಆಯ್ಕೆಯಾಗಿ ಇಡಲು ಗೂಗಲ್ ಬ್ರೌಸರ್‌ಗಳಿಗೆ ಕೊಡುವ ಹಣವನ್ನು ನ್ಯಾಯಾಲಯ ಪೂರ್ತಿ ನಿಷೇಧಿಸಲಿಲ್ಲ, ಏಕಸ್ವಾಮ್ಯದ ಒಪ್ಪಂದಗಳನ್ನು ಮಾತ್ರ ತಡೆಯಿತು. ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಈ ಹಣದಿಂದ. ಅದು ನಿಂತಿದ್ದರೆ ಗೆಕೋ ಉಳಿಯುವುದೇ ಕಷ್ಟವಿತ್ತು, ಮೂರು ಎಂಜಿನ್‌ಗಳು ಎರಡಾಗುತ್ತಿದ್ದವು.

ಪರೀಕ್ಷೆಯಿಂದ ಬಂದ ಒಗ್ಗಟ್ಟು

ಎರಡನೆಯ ದಾರಿ ಈಗ ಫಲ ಕೊಡುತ್ತಿದೆ, ಅದರ ಸುದ್ದಿ ಮಾತ್ರ ಕನ್ನಡದಲ್ಲಿ ಅಷ್ಟಾಗಿ ಬಂದಿಲ್ಲ. ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಎಂಬ ಸಾರ್ವಜನಿಕ ಪರೀಕ್ಷಾ ಭಂಡಾರವಿದೆ. ಇಂಥ ಸೂಚನೆ ಕೊಟ್ಟರೆ ಇಂಥ ಫಲಿತಾಂಶ ಬರಬೇಕು ಎಂದು ಅಲ್ಲಿ ಬರೆದಿಟ್ಟು ಎಲ್ಲ ಎಂಜಿನ್‌ಗಳ ಮೇಲೂ ಓಡಿಸುತ್ತಾರೆ. ಇದರ ಆಧಾರದ ಮೇಲೆ 2022ರಿಂದ ‘ಇಂಟರಾಪ್’ ಎಂಬ ವಾರ್ಷಿಕ ಯೋಜನೆ ನಡೆಯುತ್ತಿದೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಮೊದಲಾದ ಪೈಪೋಟಿಗಾರರು ವರ್ಷದ ಆರಂಭದಲ್ಲಿ ಒಟ್ಟಿಗೆ ಕುಳಿತು, ಈ ವರ್ಷ ಇಂಥ ವ್ಯತ್ಯಾಸಗಳನ್ನು ಅಳಿಸುತ್ತೇವೆ ಎಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಇಂಟರಾಪ್ 2024ರಲ್ಲಿ, ಆರಿಸಿಕೊಂಡ ವಿಷಯಗಳಲ್ಲಿ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಪಾಸಾಗುವ ಪ್ರಮಾಣ ಶೇ 46ರಿಂದ ಶೇ 95ಕ್ಕೆ ಏರಿತು.

ಇದರ ಮಿತಿಯನ್ನೂ ಹೇಳಬೇಕು. ಪಟ್ಟಿಗೆ ಏನು ಸೇರಬೇಕು ಎಂಬುದು ಒಮ್ಮತದಿಂದ ತೀರ್ಮಾನವಾಗುತ್ತದೆ, ಒಬ್ಬರು ಬೇಡ ಎಂದರೆ ವಿಷಯ ಹೊರಗೆ. ಜೆಪೆಗ್ ಎಕ್ಸ್‌ಎಲ್ ಎಂಬ ಚಿತ್ರ ವಿಧಾನಕ್ಕೆ ಜನಬೆಂಬಲ ಬಹಳವಿದ್ದರೂ 2024ರ ಪಟ್ಟಿಗೆ ಸೇರಲಿಲ್ಲ. ಆದರೂ ಒಬ್ಬನೇ ಯಜಮಾನ ತೀರ್ಮಾನಿಸುವುದಕ್ಕಿಂತ ಇದು ಎಷ್ಟೋ ವಾಸಿ, ಏಕೆಂದರೆ ಮೂರು ಎಂಜಿನ್‌ಗಳ ಉತ್ತರ ಬೇರೆ ಬೇರೆಯಾದಾಗ ದೋಷ ಹೊರಗೆ ಕಾಣುತ್ತದೆ. ಒಂದೇ ಎಂಜಿನ್ ಇದ್ದರೆ ಕನ್ನಡದ ಒತ್ತು ತಪ್ಪಾಗಿ ಬಂದರೂ ಹೋಲಿಸಿ ತೋರಿಸಲು ಇನ್ನೊಂದು ಇರುವುದಿಲ್ಲ.

ದೇಶೀಯ ಬ್ರೌಸರ್ ಈ ಚಿತ್ರದಲ್ಲಿ ಎಲ್ಲಿ ನಿಲ್ಲುತ್ತದೆ? ಝೋಹೋದ ಉಲಾ ಎಂಬ ಬ್ರೌಸರ್ ಕೂಡ ಕ್ರೋಮಿಯಂ ಮೇಲೆ ಕಟ್ಟಿದ್ದು. ಖಾಸಗಿತನದ ರಕ್ಷಣೆಯಲ್ಲಿ, ಭಾರತೀಯ ಡಿಜಿಟಲ್ ಸಹಿಯ ವ್ಯವಸ್ಥೆಯಲ್ಲಿ ಅದು ಬೇರೆ ಹಾದಿ ಹಿಡಿಯಬಹುದು. ಪುಟ ಕಟ್ಟುವ ವಿಷಯದಲ್ಲಿ ಅದು ಕ್ರೋಮ್‌ನಂತೆಯೇ ನಡೆದುಕೊಳ್ಳುತ್ತದೆ, ಬ್ಲಿಂಕ್‌ನ ತೂಕವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ದುರಸ್ತಿ ಎಲ್ಲಿಂದ ಶುರುವಾಗಬೇಕು

ಪುಟ ಮಾಡುವವರ ಕಡೆಯಿಂದ ಮೊದಲು ಬಿಡಬೇಕಾದ ಅಭ್ಯಾಸ, ಬ್ರೌಸರಿನ ಹೆಸರು ಕೇಳಿ ಬೇರೆ ಪುಟ ಕೊಡುವುದು. ಬ್ರೌಸರ್‌ಗಳು ತಮ್ಮ ಹೆಸರನ್ನು ನಂಬುವಂತೆ ಹೇಳುವುದಿಲ್ಲ; ಕ್ರೋಮ್ ಕೂಡ ಇಂದಿಗೂ ತನ್ನನ್ನು ಮೊಜಿಲ್ಲಾ ಎಂದೇ ಶುರುಮಾಡಿ ಪರಿಚಯಿಸಿಕೊಳ್ಳುತ್ತದೆ. ಹೆಸರಿನ ಬದಲು ಸಾಮರ್ಥ್ಯವನ್ನು ಕೇಳಬೇಕು, ಅದಕ್ಕೆ ಸಿಎಸ್‌ಎಸ್‌ನಲ್ಲೇ ವ್ಯವಸ್ಥೆಯಿದೆ. ಮೊದಲು ಎಲ್ಲೆಡೆ ಕೆಲಸ ಮಾಡುವ ಸರಳ ರೂಪ ಬರೆದು, ಸಾಮರ್ಥ್ಯ ಇದ್ದ ಕಡೆ ಅಲಂಕಾರ ಸೇರಿಸಿದರೆ ಕ್ರೋಮ್ 109ರಲ್ಲೂ ಬಟನ್ ಕಾಣುತ್ತದೆ. ಯಾವ ಸೌಲಭ್ಯ ಎಷ್ಟು ಹಳೆಯದು ಎಂದು ತಿಳಿಯಲು ಈಗ ‘ಬೇಸ್‌ಲೈನ್’ ಎಂಬ ಗುರುತು ಬಂದಿದೆ; ಮುಖ್ಯ ಬ್ರೌಸರ್‌ಗಳೆಲ್ಲಕ್ಕೂ ಬಂದು 30 ತಿಂಗಳಾದ ಸೌಲಭ್ಯವನ್ನು ಅದು ವ್ಯಾಪಕ ಎಂದು ಕರೆಯುತ್ತದೆ. ನಮ್ಮ ಕಡೆಯ ಯಂತ್ರಗಳ ವಯಸ್ಸು ನೋಡಿದರೆ ಸಾರ್ವಜನಿಕ ಸೇವೆಯ ಪುಟಗಳಿಗೆ ಆ 30 ತಿಂಗಳೂ ಕಡಿಮೆಯೇ.

ಕಚೇರಿಗಳ ಕಡೆಯಿಂದ ಆಗಬೇಕಾದದ್ದು ಟೆಂಡರ್ ಹಂತದಲ್ಲಿ. ಸರ್ಕಾರಿ ಜಾಲತಾಣಗಳಿಗೆ ಕೇಂದ್ರದ ಮಾರ್ಗಸೂಚಿ 2009ರಿಂದ ಇದೆ, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿದೆ. ಟೆಂಡರ್‌ನಲ್ಲಿ ‘ಎಲ್ಲ ಬ್ರೌಸರ್‌ಗಳಲ್ಲಿ ಕೆಲಸ ಮಾಡಬೇಕು’ ಎಂದಷ್ಟೇ ಬರೆದರೆ ಯಾರನ್ನೂ ಹೊಣೆ ಮಾಡಲಾಗುವುದಿಲ್ಲ. ವಿಂಡೋಸ್ 7ರ ಕ್ರೋಮ್ 109, ಒಂದು ಹಳೆಯ ಐಫೋನ್, ಒಂದು ಅಗ್ಗದ ಆಂಡ್ರಾಯ್ಡ್ ಫೋನ್, ಫೈರ್‌ಫಾಕ್ಸ್, ಈ ನಾಲ್ಕರಲ್ಲಿ ಕನ್ನಡ ರೂಪದ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ತುಂಬಿ ತೋರಿಸಿದ ಮೇಲೆ ಹಣ ಪಾವತಿ ಎಂದು ಬರೆದರೆ ಅದು ಪರೀಕ್ಷಿಸಬಹುದಾದ ಷರತ್ತಾಗುತ್ತದೆ.

ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಭಂಡಾರಕ್ಕೆ ಯಾರು ಬೇಕಾದರೂ ಪರೀಕ್ಷೆ ಬರೆದು ಕಳಿಸಬಹುದು. ದಾವಣಗೆರೆ, ಚಿತ್ರದುರ್ಗಗಳ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇದು ಚೆನ್ನಾಗಿ ಒಗ್ಗುವ ಕೆಲಸ: ಒತ್ತಕ್ಷರ ಇರುವ ಪದ ಆಯ್ಕೆಯ ಪಟ್ಟಿಯಲ್ಲಿ ಕತ್ತರಿಸಬಾರದು, ಉದ್ದದ ಪದ ಅಕ್ಷರದ ನಡುವೆ ಒಡೆಯದೆ ಸಾಲು ಮುರಿಯಬೇಕು, ಮೊದಲಕ್ಷರವನ್ನು ದೊಡ್ಡದು ಮಾಡಿದಾಗ ಒತ್ತೂ ಜೊತೆಗೆ ಬರಬೇಕು ಎಂಬಂಥ ಪರೀಕ್ಷೆಗಳು. ಪರಿಶೀಲನೆಯಾಗಿ ಒಪ್ಪಿಗೆ ಸಿಕ್ಕ ಮೇಲೆ ಅವು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರ ಮೇಲೂ ಓಡುತ್ತವೆ, ಫಲಿತಾಂಶ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ, ತಪ್ಪಿದ್ದು ಯಾವ ಎಂಜಿನ್ ಎಂದು ಆ ಎಂಜಿನ್ ಬರೆಯುವವರಿಗೇ ಕಾಣುತ್ತದೆ.